ಚೂರು ಕತ್ತರಿಸಿದರೆ ಸಾಲದು, ಓದಬಲ್ಲವರು ಬೇಕು

ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲನ ಬಾಯಲ್ಲಿ ಮಾಯದ ಹುಣ್ಣು. ಡಾಕ್ಟರು ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಅದು ಕ್ಯಾನ್ಸರೋ ಅಲ್ಲವೋ ಹೇಳುವವರು ಕತ್ತರಿ ಹಿಡಿದವರಲ್ಲ. ಆ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವವರು. ಈ ವಿದ್ಯೆಗೆ ಸರ್ಜಿಕಲ್ ಪೆಥಾಲಜಿ ಎಂದು ಹೆಸರು. ಇಲ್ಲಿ ತಪ್ಪಿದರೆ ಕೊಯ್ಯಬಾರದ್ದನ್ನು ಕೊಯ್ದಾರು, ಕೊಯ್ಯಬೇಕಾದ್ದನ್ನು ಬಿಟ್ಟಾರು.

ಎಂ.ಡಿ.ಗೆ ಮೂರು ವರ್ಷ. ತೊಡಕಿನ ಗಂಟುಗಳನ್ನು ಗುರುತಿಸಲು ಅದರ ಮೇಲೆ ಒಂದೆರಡು ವರ್ಷದ ಫೆಲೋಷಿಪ್ ತರಬೇತಿ. ಅದಕ್ಕೆ ಮುಂಬಯಿ, ಬೆಂಗಳೂರಿನಂಥ ನಗರಗಳ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕು. ಹೋದವರು ಅಲ್ಲೇ ನಿಂತರೆ ನಾವು ಅವರನ್ನು ದೂರುವುದಿಲ್ಲ. ಕರೆತರದ ಸರ್ಕಾರವನ್ನು ದೂರುತ್ತೇವೆ.

"ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಬೆಂಗಳೂರಿಗೆ ಕಳಿಸಿದರಾಯಿತು" ಎನ್ನುವವರಿದ್ದಾರೆ. ಆಗಲಿ. ಆದರೆ ಕೊಯ್ದ ಗಡ್ಡೆಯ ಯಾವ ಭಾಗದಿಂದ ಚೂರು ತೆಗೆಯಬೇಕು, ಅಂಚಿನಲ್ಲಿ ರೋಗ ಉಳಿದಿದೆಯೇ ಎಂದು ನೋಡುವ ಕೈ ಇಲ್ಲೇ ಇರಬೇಕಲ್ಲ! ತಪ್ಪು ಜಾಗದ ಚೂರಿಗೆ ಯಾವ ಯಂತ್ರವೂ ಸರಿ ಉತ್ತರ ಹೇಳದು.

ರಾಯಚೂರಿಗೆ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2012ರಲ್ಲಿ 371(ಜೆ)ಗಾಗಿ ಸಂವಿಧಾನ ತಿದ್ದುಪಡಿಯಾಯಿತು. ಅದು ಭಿಕ್ಷೆಯಲ್ಲ, ಹೋರಾಡಿ ಪಡೆದ ಹಕ್ಕು. ಅದರ ಮುಂದಿನ ಹೆಜ್ಜೆ ಕೇಳುತ್ತೇವೆ: ಈ ಭಾಗದ ವೈದ್ಯರಿಗೆ ಸರ್ಕಾರದ ಖರ್ಚಿನಲ್ಲಿ ಈ ತರಬೇತಿ, ಮರಳಿದವರಿಗೆ ಜಿಲ್ಲೆಯಲ್ಲೇ ಕಾಯಂ ಹುದ್ದೆ, ತಕ್ಕ ಪ್ರಯೋಗಶಾಲೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ ನಾಡಿಗೆ ಬೇಕು, ಸಿಂಧನೂರಿನ ಅಕ್ಕಿಯೂ ಬೇಕು. ಮಸ್ಕಿಯ ಕಿರಾಣಿ ಅಂಗಡಿಯ ತಾಯಿಯ ಎದೆಯ ಗಂಟು ಮಾತ್ರ ಯಾರಿಗೂ ಬೇಡವೇ? ಉತ್ತರ ಬರುವವರೆಗೆ ನಾವು ಸುಮ್ಮನಿರುವುದಿಲ್ಲ.