ಹೊಗೆ ಕಂಡಾಗ ಸ್ವಿಚ್ಚು ಎಲ್ಲಿದೆ?

ದೀಪಾವಳಿಗೆ ಊರಿಗೆ ಹೋದಾಗ ಚಿತ್ರದುರ್ಗದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಮಾವನನ್ನು ಕೇಳಿದೆ: "ಧೂಳು ಎಳಿಯೋ ಡಬ್ಬದಲ್ಲಿ ಹೊಗೆ ಬಂದ್ರೆ ಏನ್ ಮಾಡ್ತೀರ ಮಾವ?"

"ಇನ್ನೇನು, ಬಾಗ್ಲು ತೆಗ್ದು ಜೋರಾಗಿ ನೀರು ಹೊಡಿತೀವಿ."

ಎದೆ ಧಸಕ್ಕೆಂದಿತು. ಮಾಡಬಾರದ ಎರಡು ಕೆಲಸವೂ ಆ ಒಂದೇ ಮಾತಿನಲ್ಲಿದ್ದವು.

ಹತ್ತಿಯ ಜೊತೆ ಬಂದ ಕಲ್ಲೋ ಕಬ್ಬಿಣದ ಚೂರೋ ಯಂತ್ರಕ್ಕೆ ಬಡಿದರೆ ಕಿಡಿ ಹಾರುತ್ತದೆ. ಪೈಪಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್ ಅಂತ ಇಟ್ಟುಕೊಳ್ಳಿ. 10 ಮೀಟರ್ ದೂರದ ಧೂಳಿನ ಡಬ್ಬಕ್ಕೆ ಕಿಡಿ ಅರ್ಧ ಸೆಕೆಂಡಿನಲ್ಲಿ ತಲುಪುತ್ತದೆ. ಅಲ್ಲಿ ಧೂಳು ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಬಾಗಿಲು ತೆಗೆದರೆ ಹೊಸ ಗಾಳಿ ನುಗ್ಗುತ್ತದೆ. ನೀರು ರಭಸವಾಗಿ ಬಿದ್ದರೆ ಧೂಳು ಮೇಲೆದ್ದು ಮೋಡವಾಗುತ್ತದೆ. ಆ ಮೋಡ ಹೊತ್ತಿಕೊಂಡರೆ ಅದು ಬರೀ ಬೆಂಕಿಯಲ್ಲ, ಸ್ಫೋಟ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸ್ಫೋಟಗೊಂಡು 14 ಜನರನ್ನು ಕೊಂದದ್ದು ನಾವು ಕಾಫಿಗೆ ಹಾಕುವ ಸಕ್ಕರೆಯ ಧೂಳು!

ಇದಕ್ಕೆ ಸಲಕರಣೆ ಇಲ್ಲವೆಂದಲ್ಲ. ಕಿಡಿಯನ್ನು ಗುರುತಿಸುವ ಇನ್‌ಫ್ರಾರೆಡ್ ಸೆನ್ಸರ್, ಮುಂದಿನ ತಿರುವಿನೊಳಗೇ ನೀರು ಚಿಮ್ಮಿಸುವ ನಾಝಲ್, ಜ್ವಾಲೆ ಹಿಂದಕ್ಕೆ ಬಾರದಂತೆ ತಡೆಯುವ ಕವಾಟ, ಒತ್ತಡವನ್ನು ಹೊರಗೆ ಬಿಡುವ ವೆಂಟ್, ಎಲ್ಲವೂ ಇವೆ. 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಸೆಕ್ಷನ್ನೇ ಧೂಳು ಶೇಖರವಾಗದಂತೆ, ಕಿಡಿ ತಾಗದಂತೆ ನೋಡಿಕೊಳ್ಳಬೇಕು ಎಂದಿತ್ತು. ಆದರೆ ಮಾವನ ಮಿಲ್ಲಿನಲ್ಲಿರುವುದು ಗೇಟಿನ ಹತ್ತಿರದ ಕೆಂಪು ಬಕೆಟ್ಟು ಮತ್ತು ಒಂದು ಸಿಲಿಂಡರ್. ಪೈಪಿನ ಒಳಗಿನ ಬೆಂಕಿಗೆ ಅವು ಎಲ್ಲಿ ಸಾಕು?

"ಸರಿ, ಫೈನಲ್ ಇಯರ್ ಪ್ರಾಜೆಕ್ಟಿಗೆ ಕಡಿಮೆ ಖರ್ಚಿನ ಸೆನ್ಸರ್ ಮಾಡೋಣ" ಅಂತ ನಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಲಿಯಲು ಮಾಡೋಣ, ಬೇಡ ಎನ್ನುವುದಿಲ್ಲ. ಆದರೆ ಪರೀಕ್ಷೆಯಾಗದ ನಮ್ಮ ಬೋರ್ಡನ್ನು ನಂಬಿ ಯಾರೂ ಆ ಡಬ್ಬದ ಪಕ್ಕ ನಿಲ್ಲಬಾರದು. ಅದಕ್ಕಿಂತ ಮೊದಲು ನಮ್ಮ ಕೈಲಾಗುವ ಕೆಲಸ ಒಂದಿದೆ: ಕನ್ನಡದಲ್ಲಿ ಒಂದು ಫಲಕ. ಮಿಲ್ಲಿನ ಪ್ಯಾನೆಲ್ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿದೆ, ಸ್ವಿಚ್ಚು ಒತ್ತುವ ಮಾವ ಓದುವುದು ಕನ್ನಡ. ನಾನು ಬರೆದದ್ದು ಇಷ್ಟೇ:

ಹೊಗೆ ಕಂಡರೆ ಮೊದಲು ಬ್ಲೋಯರ್ ನಿಲ್ಲಿಸಿ. ಹತ್ತಿ ಹಾಕುವುದನ್ನು ನಿಲ್ಲಿಸಿ. ಬಾಗಿಲು ತೆಗೆಯಬೇಡಿ. ಎಲ್ಲರೂ ದೂರ ಹೋಗಿ. 112ಕ್ಕೆ ಫೋನ್ ಮಾಡಿ, ಬಂದವರಿಗೆ "ಒಳಗೆ ಧೂಳಿದೆ" ಅಂತ ಮೊದಲೇ ಹೇಳಿ.

ಮಾವನಿಗೆ ತೋರಿಸಿದೆ. ಎರಡು ಸಲ ಓದಿದರು. "ಚೆನ್ನಾಗೈತೆ. ಆದ್ರೆ ಬ್ಲೋಯರ್ ಸ್ವಿಚ್ಚು ಇರೋದೇ ಆ ಡಬ್ಬದ ಮಗ್ಗುಲಲ್ಲಿ. ಹೊಗೆ ಬಂದ್ಮೇಲೆ ಅಲ್ಲಿಗೆ ಹೋಗೋರು ಯಾರಪ್ಪ?"

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಆ ಸ್ವಿಚ್ಚನ್ನು ಹೊರಬಾಗಿಲ ಬಳಿಗೆ ತರುವುದಕ್ಕೆ ಬೇಕಾದದ್ದು ಒಂದಷ್ಟು ವೈರು, ಒಬ್ಬ ಎಲೆಕ್ಟ್ರಿಷಿಯನ್, ಮಾಲೀಕರ ಒಪ್ಪಿಗೆ.

ಹಾಗಾಗಿ ನನ್ನ ಒತ್ತಾಯ ಇಷ್ಟು: ಈ ರಜೆಯಲ್ಲಿ ನಮ್ಮ ಬಳಗದವರು ತಂತಮ್ಮ ಊರಿನ ಒಂದೊಂದು ಘಟಕಕ್ಕೆ ಹೋಗಿ ಬರಲಿ. ಹೊಸದುರ್ಗ, ಹಿರಿಯೂರಿನವರು ತೆಂಗಿನ ನಾರಿನ ಘಟಕಕ್ಕೆ, ಹೊಳಲ್ಕೆರೆಯವರು ಮೆಕ್ಕೆಜೋಳದ ಗಿರಣಿಗೆ. ಆ ಧೂಳೂ ಉರಿಯುವಂಥದ್ದೇ. ಉಪದೇಶ ಮಾಡಲು ಹೋಗುವುದು ಬೇಡ. ಅಲ್ಲಿ ದುಡಿಯುವವರನ್ನು ಒಂದೇ ಪ್ರಶ್ನೆ ಕೇಳೋಣ: ಹೊಗೆ ಕಂಡಾಗ ಸ್ವಿಚ್ಚು ಎಲ್ಲಿದೆ?