ವಸಡಿನ ಚಿಕಿತ್ಸೆಗೆ ಇಷ್ಟು ಖರ್ಚೇಕೆ?

"ಪಕ್ಕದ ಮನೆಯವರು ಹೋದ ತಿಂಗಳು ಇಲ್ಲೇ ಹಲ್ಲು ಕ್ಲೀನ್ ಮಾಡಿಸಿಕೊಂಡರು. ಸಾವಿರದ ಇನ್ನೂರು ರೂಪಾಯಿ ಆಯಿತಂತೆ. ನನಗೆ ಮಾತ್ರ ಮೂವತ್ತು ಸಾವಿರ ಅಂತೀರಲ್ಲ ಡಾಕ್ಟ್ರೇ?"

ನಿವೃತ್ತ ಗುಮಾಸ್ತರೊಬ್ಬರು ದಂತವೈದ್ಯರನ್ನು ಹೀಗೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಇಬ್ಬರದೂ ವಸಡಿನ ತೊಂದರೆಯೇ. ಇಬ್ಬರಿಗೂ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ಪಕ್ಕದ ಮನೆಯವರು ರಕ್ತ ಕಂಡ ತಿಂಗಳಲ್ಲೇ ವೈದ್ಯರ ಬಳಿ ಹೋದರು. ಗುಮಾಸ್ತರು 'ಮೈಗೆ ಉಷ್ಣ' ಎಂದುಕೊಂಡು ಎಂಟು ವರ್ಷ ಎಳನೀರು ಕುಡಿದರು. ಬಿಲ್ಲಿನಲ್ಲಿ ಕಾಣುವ ವ್ಯತ್ಯಾಸ ಈ ಎಂಟು ವರ್ಷದ್ದು.

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ದಿನವೂ ತೆಳುವಾದ ಅಂಟು ಪದರ ಕಟ್ಟುತ್ತದೆ. ಅದು ಬರೀ ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ದೊಡ್ಡ ವಸಾಹತು. ಬ್ರಷ್ಷಿಗೆ ಸಿಕ್ಕರೆ ಸುಲಭವಾಗಿ ಹೋಗುತ್ತದೆ. ಸಿಗದೆ ಉಳಿದದ್ದರ ಮೇಲೆ ಜೊಲ್ಲಿನಲ್ಲಿರುವ ಖನಿಜಗಳು ಕೂತು ಅದು ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಕಿಟ್ಟ ಕಟ್ಟುವುದಿಲ್ಲವೆ, ಹಾಗೆ. ಹಂಡೆಯ ಕಿಟ್ಟ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲಿನದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಎರಡೂ ಉಜ್ಜಿದರೆ ಹೋಗುವುದಿಲ್ಲ, ಕೆರೆದೇ ತೆಗೆಯಬೇಕು.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾದ ವಸಡಿದ್ದ 12 ಜನರು ಹಲ್ಲುಜ್ಜುವುದನ್ನು ನಿಲ್ಲಿಸಿದ್ದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ರೋಗದ ಮೊದಲ ಹಂತವಾದ ಜಿಂಜಿವೈಟಿಸ್‌ನಿಂದ ಪೂರ್ತಿ ಹಿಂದಕ್ಕೆ ಬರಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು. ಪಕ್ಕದ ಮನೆಯವರು ಇದ್ದದ್ದು ಈ ಹಂತದಲ್ಲಿ. ಇಲ್ಲಿ ಸ್ಕೇಲಿಂಗ್ ಒಂದೇ ಸಾಕು: ಕಂಪಿಸುವ ಮೊನೆಯ ಉಪಕರಣದಿಂದ ಕಿಟ್ಟ ಉದುರಿಸುವುದು, ಒಂದು ಭೇಟಿಯ ಕೆಲಸ.

ಎರಡನೆಯ ಹಂತ ಪೆರಿಯೊಡಾಂಟೈಟಿಸ್. ಇಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಜೇಬಿನಂಥ ಸಂದು ಬೀಳುತ್ತದೆ. ವೈದ್ಯರು ಅದನ್ನು 'ಪಾಕೆಟ್' ಎನ್ನುವುದು ಅದಕ್ಕೇ. ಗೆರೆಗಳಿರುವ ಸಣ್ಣ ಕಡ್ಡಿಯಿಂದ ಅದರ ಆಳ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ. 4 ದಾಟಿದರೆ ಎಚ್ಚರಿಕೆ, 6 ದಾಟಿದರೆ ಗಂಭೀರ. ಅಷ್ಟು ಆಳಕ್ಕೆ ಯಾವ ಬ್ರಷ್ಷೂ ಇಳಿಯದು. ಒಳಗೆ ಹಲ್ಲನ್ನು ಹಿಡಿದಿರುವ ಮೂಳೆ ಸದ್ದಿಲ್ಲದೆ ಕರಗುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದಿರುವುದೇ ಈ ರೋಗದ ದೊಡ್ಡ ಮೋಸ. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತ ಬರುವುದೂ ಕಡಿಮೆಯಾಗುವುದರಿಂದ ಆ ಒಂದು ಸೂಚನೆಯೂ ಮರೆಯಾಗುತ್ತದೆ.

ಈಗ ಗುಮಾಸ್ತರ ಮೂವತ್ತು ಸಾವಿರವನ್ನು ಬಿಡಿಸಿ ನೋಡೋಣ. ವೈದ್ಯರು ಬಾಯನ್ನು ನಾಲ್ಕು ಭಾಗ ಮಾಡಿ ಲೆಕ್ಕ ಹಾಕುತ್ತಾರೆ: ಮೇಲೆ ಎಡ, ಬಲ, ಕೆಳಗೆ ಎಡ, ಬಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನವರೆಗೆ ಕೆರೆದು ನುಣುಪು ಮಾಡುವ ರೂಟ್ ಪ್ಲೇನಿಂಗ್ ಭಾಗವೊಂದಕ್ಕೆ 2,500 ಎಂದರೆ ನಾಲ್ಕಕ್ಕೆ 10,000. ವಸಡನ್ನು ಬಿಡಿಸಿ ಒಳಗೆ ಕಣ್ಣಾರೆ ನೋಡಿ ಶುಚಿ ಮಾಡಿ ಹೊಲಿಗೆ ಹಾಕುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಭಾಗವೊಂದಕ್ಕೆ 9,000. ಎರಡು ಭಾಗಕ್ಕೆ 18,000. ಎಕ್ಸ್-ರೇ, ಔಷಧಿಗೆ 2,000. ಅಲ್ಲಿಗೆ ಲೆಕ್ಕ ಸರಿಹೋಯಿತು. ಊರಿಗೂ ವೈದ್ಯರಿಗೂ ತಕ್ಕಂತೆ ಈ ಅಂಕಿಗಳು ಹೆಚ್ಚುಕಡಿಮೆ ಆಗಬಹುದು, ಲೆಕ್ಕದ ಕ್ರಮ ಮಾತ್ರ ಇದೇ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: "ಇದು ಒಂದು ಭಾಗದ ದರವೋ, ಪೂರ್ತಿ ಬಾಯಿಯದೋ?"

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: "ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದು ತೀರ್ಮಾನ ಆಗುವುದು ಯಾವಾಗ?" ಆಳವಾದ ಶುಚಿಯ ನಂತರ ಊತ ಇಳಿದು ಅನೇಕ ಪಾಕೆಟ್‌ಗಳು ತಾವಾಗಿಯೇ ಕಿರಿದಾಗುತ್ತವೆ. ಅದಕ್ಕಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯುವುದು ಸರಿಯಾದ ಪದ್ಧತಿ. ಆಗಲೂ ಆಳ ಉಳಿದ ಕಡೆ ಮಾತ್ರ ಕತ್ತರಿಯ ಮಾತು. ಹಾಗೆಂದರೆ ಗುಮಾಸ್ತರ 18,000 ಮೊದಲ ದಿನದ ಖರ್ಚಲ್ಲ. ಅದರಲ್ಲಿ ಅರ್ಧವೋ ಪೂರ್ತಿಯೋ ಉಳಿದರೂ ಉಳಿಯಬಹುದು. ಲೇಸರ್ ಎಂದು ಹೆಚ್ಚಿನ ದರ ಹೇಳಿದಾಗಲೂ ಕಾರಣ ಕೇಳಬೇಕು. ಸಾಮಾನ್ಯ ಶುಚಿಗಿಂತ ಅದು ಸ್ಪಷ್ಟವಾಗಿ ಮೇಲು ಎನ್ನುವುದಕ್ಕೆ ಬಲವಾದ ಪುರಾವೆ ಇಲ್ಲ.

ಬಿಲ್ಲಿನಲ್ಲಿ ಬರೆಯದ ಖರ್ಚು ಒಂದಿದೆ. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಕೆಲವು ಬಗೆಯ ಗುಳಿಗಳಲ್ಲಿ ಕೃತಕ ಮೂಳೆ ತುಂಬಿ ಒಂದಿಷ್ಟು ಮರಳಿ ಪಡೆಯಬಹುದು. ಅದು ದುಬಾರಿ, ಎಲ್ಲ ಹಲ್ಲಿಗೂ ಒಗ್ಗುವುದಿಲ್ಲ. ಹಲ್ಲೇ ಬಿದ್ದುಹೋದರೆ ಇಂಪ್ಲಾಂಟ್. ಒಂದೊಂದಕ್ಕೂ ಹತ್ತಾರು ಸಾವಿರ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತದ ಹೊರತು ಹಲ್ಲಿನ ಖರ್ಚು ಸಿಗುವುದು ಅಪರೂಪ.

ಸಕ್ಕರೆ ಕಾಯಿಲೆಯವರು ಇನ್ನೊಂದು ಲೆಕ್ಕವನ್ನೂ ಇಡಬೇಕು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ವಸಡಿನ ಚಿಕಿತ್ಸೆಯಿಂದ ರಕ್ತದ ಸಕ್ಕರೆಯೂ ತುಸು ಇಳಿಯುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ.

ಇಷ್ಟೆಲ್ಲ ತಿಳಿದವರೂ ಹಿಂಜರಿಯುವುದು ಒಂದು ಮಾತಿಗೆ: "ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ." ಬುಡದ ಮಣ್ಣು ಕೊಚ್ಚಿಹೋದ ಬೇಲಿಕಂಬದ ಸುತ್ತ ಕಸ ಒತ್ತಿಕೊಂಡಿದ್ದರೆ ಕಂಬ ಭದ್ರವಾಗಿಯೇ ಕಾಣುತ್ತದೆ. ಕಸ ತೆಗೆದಾಗ ಅಲ್ಲಾಡುತ್ತದೆ. ತಪ್ಪು ಕಸ ತೆಗೆದವನದಲ್ಲ. ಕಿಟ್ಟ ಹೋದಾಗ ಕಾಣುವ ಸಂದು, ಸಡಿಲ ಎರಡೂ ಮೊದಲೇ ಆಗಿದ್ದ ನಷ್ಟ. ಕಿಟ್ಟ ಉಳಿದಷ್ಟು ದಿನವೂ ಆ ನಷ್ಟ ಬೆಳೆಯುತ್ತದೆ.

ಖಾಸಗಿ ದರ ಕೈಗೆಟುಕದವರಿಗೆ ದಾರಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ರಾಜ್ಯದ ಅನೇಕ ಊರುಗಳಲ್ಲಿರುವ ಖಾಸಗಿ ದಂತ ಕಾಲೇಜುಗಳಲ್ಲೂ ವಸಡಿನದೇ ವಿಭಾಗವಿರುತ್ತದೆ. ಅಲ್ಲಿ ಅಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ದರ ಬಹಳ ಕಡಿಮೆ; ಹೆಚ್ಚು ಬೇಕಾದದ್ದು ಸಮಯ ಮತ್ತು ತಾಳ್ಮೆ. ನಿವೃತ್ತರಿಗೆ ಇವೆರಡೂ ಸಾಮಾನ್ಯವಾಗಿ ಇರುತ್ತವೆ.

ಚಿಕಿತ್ಸೆ ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆರಡು ಸಲ, ಪ್ರತಿ ಸಲ ಎರಡು ನಿಮಿಷ ಉಜ್ಜಬೇಕು. ಹಲ್ಲಿನ ಸಂದುಗಳಿಗೆ ಪುಟ್ಟ ಸಂದುಬ್ರಷ್ ಬಳಸಬೇಕು. ಇವು ತಪ್ಪಿದರೆ ಮೂವತ್ತು ಸಾವಿರದ ಕೆಲಸವೂ ನೀರಿನಲ್ಲಿ ಹೋಮ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತಾರೆ ಹಿರಿಯರು. ನಾಳೆ ಬೆಳಿಗ್ಗೆ ಉಗುಳಿದ ನೊರೆಯಲ್ಲಿ ಕೆಂಪು ಕಂಡರೆ ಎಳನೀರು ಕುಡಿಯಲು ಅಡ್ಡಿಯಿಲ್ಲ. ಕುಡಿದು ಹಾಗೆಯೇ ದಂತವೈದ್ಯರ ಬಳಿ ಹೋಗಬೇಕು, ಅಷ್ಟೆ.