ಕವಾಸ್‌ಜಿಯ ಮೂಗು ಮತ್ತು ಹೆಸರಿಲ್ಲದ ಕುಂಬಾರ

ನಮ್ಮ ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳನ್ನು ತಿರುವಿಹಾಕಿದರೆ ಎರಡು-ಮೂರು ವರ್ಷಕ್ಕೊಮ್ಮೆಯಾದರೂ ಒಂದು ಲೇಖನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಜಗತ್ತಿಗೆ ಶಸ್ತ್ರಚಿಕಿತ್ಸೆಯನ್ನು ಕಲಿಸಿದವರು ನಾವು ಎಂಬುದು ಅದರ ಸಾರ. ಸುಶ್ರುತನ ಹೆಸರು, ನೂರೊಂದು ಯಂತ್ರ ಮತ್ತು ಇಪ್ಪತ್ತು ಶಸ್ತ್ರಗಳ ಲೆಕ್ಕ, ಕೊನೆಗೆ ಮುದ್ರೆಯೊತ್ತಿದಂತೆ 1794ರ ಲಂಡನ್ ಪತ್ರಿಕೆಯೊಂದರ ಸಾಕ್ಷ್ಯ. 2014ರ ಅಕ್ಟೋಬರಿನಲ್ಲಿ ಮುಂಬಯಿಯ ಆಸ್ಪತ್ರೆಯೊಂದರ ಸಮಾರಂಭದಲ್ಲಿ ಭಾರತದ ಪ್ರಧಾನಿಯೇ ಗಣೇಶನ ಆನೆಮೊಗವನ್ನು ಪ್ಲಾಸ್ಟಿಕ್ ಸರ್ಜರಿಗೆ ನಿದರ್ಶನವಾಗಿ ತಂದ ಮೇಲೆ ಈ ಬಗೆಯ ಲೇಖನಗಳಿಗೆ ಧೈರ್ಯ ಇನ್ನಷ್ಟು ಬಂದಿದೆ. ಪ್ರಗತಿಪರರೆನಿಸಿಕೊಂಡ ನಾವು ನಗುತ್ತೇವೆ, ನಕ್ಕು ಮುಂದಿನ ಪುಟಕ್ಕೆ ಹೋಗುತ್ತೇವೆ. ಹೆಮ್ಮೆಪಡುವವರೂ ನಗುವವರೂ ಆ 1794ರ ವರದಿಯನ್ನು ಪೂರ್ತಿ ಓದುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಓದಿದರೆ ಹೆಮ್ಮೆಯೂ ನಗುವೂ ಗಂಟಲಲ್ಲೇ ನಿಲ್ಲುತ್ತವೆ. ಏಕೆಂದರೆ ಆ ಕಥೆ ಆರಂಭವಾಗುವುದು ಕನ್ನಡ ನಾಡಿನಲ್ಲಿ, ನಮ್ಮ ಶ್ರೀರಂಗಪಟ್ಟಣದ ಯುದ್ಧಭೂಮಿಯಲ್ಲಿ.

ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಒಂದು ಪತ್ರವನ್ನು ಚಿತ್ರಸಹಿತ ಪ್ರಕಟಿಸಿತು. ಕವಾಸ್‌ಜಿ ಎಂಬಾತ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಮರಾಠಾ ರೈತ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಎತ್ತು ಹೊಡೆಯುವವನ ಮೇಲೆ ಇಷ್ಟು ಸಿಟ್ಟೇಕೆ? ಆ ಯುದ್ಧ ನಡೆದದ್ದೇ ಎತ್ತುಗಳ ಹೆಗಲ ಮೇಲೆ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿನವರೆಗೂ ಬಂದು, ಎತ್ತುಗಳು ಸತ್ತುಹೋದ ಕಾರಣ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ದವಸ ಸಾಗಿಸುವವನ ಮುಖವನ್ನು ಕೆಡಿಸಿ ಕಳುಹಿಸಿದರೆ ಉಳಿದವರು ಹೆದರುತ್ತಾರೆ ಎಂಬುದು ಲೆಕ್ಕಾಚಾರ.

ಕವಾಸ್‌ಜಿ ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಬಳಿ ಒಬ್ಬಾತ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟ. ವಿಧಾನವನ್ನು ಪತ್ರ ಸಾವಧಾನವಾಗಿ ವಿವರಿಸುತ್ತದೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲಿಟ್ಟು ಮೂಗಿನ ಆಕಾರಕ್ಕೆ ತರುವುದು. ಅದನ್ನು ಮತ್ತೆ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಗೆರೆಯ ಒಳಗಿನ ಚರ್ಮವನ್ನು ಸುಲಿದು, ಎರಡು ಕಣ್ಣುಗಳ ನಡುವೆ ಮಾತ್ರ ಒಂದು ಎಳೆಯನ್ನು ಕತ್ತರಿಸದೆ ಉಳಿಸುವುದು, ರಕ್ತ ಹರಿಯಲೆಂದು. ಬಳಿಕ ಒಣಗಿದ ಹಳೆಯ ಗಾಯವನ್ನು ಮತ್ತೆ ಹಸಿಯಾಗುವಂತೆ ಹೆರೆದು, ಹಣೆಯ ಚರ್ಮವನ್ನು ಅರ್ಧ ತಿರುಚಿ ಕೆಳಗಿಳಿಸಿ, ಮೇಲ್ದುಟಿಯವರೆಗೆ ಕೊಯ್ದ ಸೀಳಿನೊಳಗೆ ಅದರ ಅಂಚನ್ನು ಸೇರಿಸುವುದು. ಮೇಲೆ ಕಾಚು ಕಲಸಿ ಬಳಿದ ಬಟ್ಟೆಯ ಐದಾರು ಪಟ್ಟಿಗಳು. ಹೌದು, ಎಲೆಅಡಿಕೆಗೆ ಹಾಕುವ ಅದೇ ಕಾಚು. ನಾಲ್ಕು ದಿನಗಳ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ಆ ಎಳೆಯನ್ನು ಕತ್ತರಿಸಿ ಮತ್ತೊಂದಿಷ್ಟು ಕೊಯ್ದು ತಿದ್ದಬೇಕು.

ಇಡೀ ವಿವರದಲ್ಲಿ ನೋವು ಎಂಬುದರ ಸುಳಿವೇ ಇಲ್ಲ. ಈಥರ್‌ನ ಸಾರ್ವಜನಿಕ ಪ್ರಯೋಗ ಬಾಸ್ಟನ್ನಿನಲ್ಲಿ ನಡೆದದ್ದು 1846ರಲ್ಲಿ. ಗಾಯ ಕೀವಾಗದಂತೆ ತಡೆಯುವ ತನ್ನ ಕ್ರಮವನ್ನು ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಈಥರ್ ಬರುವುದಕ್ಕೂ ಮೊದಲು ಕತ್ತಿಯ ಕೆಳಗೆ ಮಲಗಿದವರಲ್ಲಿ ಬಹುತೇಕರು ಎಚ್ಚರವಾಗಿದ್ದರು. 1811ರಲ್ಲಿ ಪ್ಯಾರಿಸಿನ ಮನೆಯೊಂದರಲ್ಲಿ ಸ್ತನ ಕತ್ತರಿಸಿಕೊಂಡ ಲೇಖಕಿ ಫ್ಯಾನಿ ಬರ್ನಿಗೆ ಕೊಟ್ಟದ್ದು ಒಂದಿಷ್ಟು ಮದ್ಯ. ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಲಾರೇ ಕೈಯಲ್ಲಿ ಕತ್ತಿಯಿತ್ತು. ಆಕೆಗೆ ಬರೆಯಲು ಬರುತ್ತಿತ್ತು, ಅಕ್ಕನಿಗೆ ದೀರ್ಘ ಪತ್ರ ಬರೆದಳು, ಆದ್ದರಿಂದ ಆ ನೋವು ನಮಗೆ ತಿಳಿದಿದೆ. ಕವಾಸ್‌ಜಿಯ ನೋವನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಅವನ ಮುಖವನ್ನು ಮಾತ್ರ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಬಿಡಿಸಿದ.

ಈ ವಿಷಯದಲ್ಲಿ ಸುಶ್ರುತ ಸಂಹಿತೆ ಅದರ ಇಂದಿನ ಭಕ್ತರಿಗಿಂತ ಪ್ರಾಮಾಣಿಕವಾಗಿದೆ. ನೋವು ತಾಳಲಾರದವನಿಗೆ ಶಸ್ತ್ರಕ್ಕೆ ಮೊದಲು ತೀಕ್ಷ್ಣ ಮದ್ಯ ಕುಡಿಸಬೇಕೆಂದು ಅದು ಹೇಳುತ್ತದೆ. ಮೂತ್ರಕೋಶದ ಕಲ್ಲನ್ನು ತೆಗೆಯುವಾಗ ರೋಗಿಯನ್ನು ಬಲಶಾಲಿಯೊಬ್ಬನ ತೊಡೆಗೆ ಒರಗಿಸಿ, ಮಂಡಿಗಳನ್ನು ಮಡಿಸಿ ಕಟ್ಟಬೇಕೆಂದು ಹೇಳುತ್ತದೆ. ಅದಕ್ಕೂ ಮಿಗಿಲಾಗಿ, ಕುಶಲ ವೈದ್ಯನಿಗೂ ಇಲ್ಲಿ ಸಿದ್ಧಿ ಖಚಿತವಲ್ಲ, ಇದು ಕಟ್ಟಕಡೆಯ ಉಪಾಯ, ಮಾಡದಿದ್ದರೆ ಸಾವು ನಿಶ್ಚಿತ, ಮಾಡಿದರೆ ಸಂಶಯ, ಆದ್ದರಿಂದ ಒಡೆಯನ ಅನುಮತಿ ಪಡೆದೇ ಕೈಹಾಕಬೇಕು ಎನ್ನುತ್ತದೆ. ಬರೆದಾತ ಸಾವುಗಳನ್ನು ಕಣ್ಣಾರೆ ಕಂಡಿದ್ದ ಎಂಬುದಕ್ಕೆ ಬೇರೆ ಪುರಾವೆ ಬೇಡ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಈ ಭಾಗ ಉಲ್ಲೇಖವಾದದ್ದನ್ನು ನಾನಂತೂ ಕಂಡಿಲ್ಲ.

ಮೂಗು ಕಟ್ಟುವ ವಿದ್ಯೆ ಇಷ್ಟೊಂದು ಪಳಗಿತ್ತೆಂದರೆ, ಕಟ್ಟಿಕೊಡಬೇಕಾದಷ್ಟು ಮೂಗುಗಳು ಈ ನೆಲದಲ್ಲಿ ಕೊಯ್ಯಲ್ಪಡುತ್ತಿದ್ದವು ಎಂದೇ ಅರ್ಥ. ಯಕ್ಷಗಾನದ ರಂಗದ ಮೇಲೆ ಶೂರ್ಪನಖಿಯ ಮೂಗು ಹೋದಾಗ ನಾವೆಲ್ಲ ನಕ್ಕವರೇ. ಹಾದರದ ಆರೋಪ ಹೊತ್ತ ಹೆಂಗಸು, ಕಳ್ಳ, ಸೋತ ಸೈನಿಕ, ಇವರ ಮುಖಗಳ ಮೇಲೆ ಅಧಿಕಾರ ತನ್ನ ಸಹಿ ಹಾಕುತ್ತಿದ್ದ ಜಾಗ ಅದು. ಟಿಪ್ಪುವಿನ ಹೆಸರು ಬಂದೊಡನೆ ನಮ್ಮಲ್ಲಿ ಕೆಲವರು ಮಾತು ಬದಲಿಸುತ್ತಾರೆ, ಎದುರು ಪಾಳಯದವರು ಮಾತು ಏರಿಸುತ್ತಾರೆ. ಎರಡೂ ಬೇಡ. ಟಿಪ್ಪುವಿನ ಆಳ್ವಿಕೆಯಲ್ಲಿ ಮೂಗು ಕೊಯ್ದರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ, ಒಡೆಯರ ಕಾಲದಲ್ಲಿ, ಮೈಸೂರಿನ ಸೈನ್ಯ ಮಧುರೆ ನಾಯಕರ ಸೀಮೆಗೆ ನುಗ್ಗಿ ಸಿಕ್ಕಸಿಕ್ಕವರ ಮೂಗುಗಳನ್ನು ಮೇಲ್ದುಟಿಯ ಸಮೇತ ಕೊಯ್ದಿತು, ಮಧುರೆಯ ಸೈನ್ಯ ಮೈಸೂರು ಸೀಮೆಗೆ ಬಂದು ಅದನ್ನೇ ಮಾಡಿ ಸೇಡು ತೀರಿಸಿಕೊಂಡಿತು ಎಂದು ಜೆಸ್ಯೂಟ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಕತ್ತಿ ಹಿಡಿದವರ ಧರ್ಮ ಯಾವುದಾದರೇನು, ಮೂಗು ಕಳೆದುಕೊಂಡವರಲ್ಲಿ ಬಹುಪಾಲು ರೈತರು, ಕಾಲಾಳುಗಳು, ಎತ್ತಿನವರು.

ಇನ್ನು ಮೂಗು ಕಟ್ಟಿದವನ ಮಾತು. ಪತ್ರದಲ್ಲಿ ರೋಗಿಯ ಹೆಸರಿದೆ. ಇಂಥ ಶಸ್ತ್ರಚಿಕಿತ್ಸೆಯನ್ನು ಕಂಡ ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರಿದೆ. ಮಾಡಿದವನ ಹೆಸರಿಲ್ಲ, ಇಟ್ಟಿಗೆ ಮಾಡುವ ಜಾತಿಯವನು ಎಂದಷ್ಟೇ ಇದೆ, ಅಂದರೆ ಕುಂಬಾರ. ಸುಶ್ರುತ ಹೇಳಿದ್ದು ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮವನ್ನು ತರಲು. ಈ ಕುಂಬಾರ ಮೇಣದಲ್ಲಿ ಮೂಗಿನ ಅಚ್ಚು ಮಾಡಿ ಹಣೆಯ ಚರ್ಮವನ್ನು ತಂದ. ಗ್ರಂಥಕ್ಕೂ ಕೈಗೂ ನಡುವಿನ ಈ ಅಂತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಚ್ಚು, ಅಳತೆ, ಹಸಿಗೆ ಹಸಿ ಬೆಸೆಯುವುದು, ಒಣಗಲು ಬಿಡುವುದು, ಇವು ಮಣ್ಣಿನೊಡನೆ ಬದುಕಿದವನ ಬುದ್ಧಿ. ವಿದ್ಯೆ ಶತಮಾನಗಳ ಕಾಲ ಬದುಕಿದ್ದು, ಬೆಳೆದದ್ದು, ಬಹುಶಃ ಸುಧಾರಿಸಿದ್ದು ಆ ಸಂಹಿತೆಯನ್ನು ಓದುವ ಅವಕಾಶವೇ ಇಲ್ಲದವರ ಕೈಯಲ್ಲಿ.

ಓದಬಲ್ಲವರು ಏನು ಮಾಡುತ್ತಿದ್ದರು? ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಮೆಲ್ಲನೆ ಹರಿಯುವ ನೀರಿನಲ್ಲಿ ಏಳು ದಿನ ಕೊಳೆಯಲು ಬಿಟ್ಟು, ಪದರ ಪದರವಾಗಿ ಉಜ್ಜಿ ದೇಹವನ್ನು ಕಲಿಯಿರಿ ಎಂದು ಸುಶ್ರುತ ಹೇಳಿದ್ದ. ವೈದ್ಯ ಕೊಟ್ಟ ಅನ್ನ ಕೀವಿಗೆ ಸಮ, ಶ್ರಾದ್ಧದ ಪಂಕ್ತಿಗೆ ಅವನನ್ನು ಕರೆಯಬಾರದು ಎಂದು ಮನುಸ್ಮೃತಿ ಹೇಳಿತು. ಗೆದ್ದದ್ದು ಮನು. ಶವ ಮೈಲಿಗೆ, ರಕ್ತ ಮೈಲಿಗೆ, ಕೀವು ಮೈಲಿಗೆ. ಹಾಗಾಗಿ ಹುಣ್ಣು ಕೊಯ್ಯುವುದು ಕ್ಷೌರಿಕನ ಪಾಲಿಗೆ, ಹೆರಿಗೆ ಸೂಲಗಿತ್ತಿಯ ಪಾಲಿಗೆ, ಮೂಗು ಕುಂಬಾರನ ಪಾಲಿಗೆ ಬಂದವು. ಶ್ಲೋಕ ಮಾತ್ರ ಮಡಿಯಲ್ಲಿ ಉಳಿಯಿತು. ಜಾತಿಯೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಯುರೋಪಿನಲ್ಲೂ ವಿಶ್ವವಿದ್ಯಾಲಯದ ವೈದ್ಯ ರಕ್ತ ಮುಟ್ಟದೆ ಕ್ಷೌರಿಕನಿಗೆ ಬಿಡುತ್ತಿದ್ದ. ಆದರೆ ಅಲ್ಲಿ ಕ್ಷೌರಿಕ ಪುಸ್ತಕ ಬರೆದ. ಕ್ಷೌರಿಕ-ಶಸ್ತ್ರವೈದ್ಯನಾಗಿ ಪಳಗಿದ ಆಂಬ್ರೋಸ್ ಪಾರೆ ಹದಿನಾರನೆಯ ಶತಮಾನದಲ್ಲಿ ಆಡುಮಾತಿನ ಫ್ರೆಂಚಿನಲ್ಲಿ ಬರೆದು ರಾಜರ ಶಸ್ತ್ರವೈದ್ಯನಾದ. ನಮ್ಮ ಕುಂಬಾರನ ವಿದ್ಯೆ ಪುಸ್ತಕವಾದದ್ದು ಲಂಡನ್ನಿನಲ್ಲಿ: 1814ರಲ್ಲಿ ಜೋಸೆಫ್ ಕಾರ್ಪ್ಯೂ ಅದೇ ವಿಧಾನದಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಮೂಗು ಕಟ್ಟಿ, 1816ರಲ್ಲಿ ಅಚ್ಚು ಹಾಕಿಸಿದ. ಭಾರತದಲ್ಲಿ 1836ರಲ್ಲಿ ಆಯುರ್ವೇದ ಪಂಡಿತ ಮಧುಸೂದನ ಗುಪ್ತ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಶವಕ್ಕೆ ಕತ್ತಿ ಹಾಕಿದ್ದೇ ದೊಡ್ಡ ಕ್ರಾಂತಿಯೆನಿಸಿತು.

ಹೆಸರಿಲ್ಲದ ದೇಹಗಳ ಮೇಲೆ ಹೆಸರುಗಳನ್ನು ಕಟ್ಟುವ ಕೆಲಸ ನಮ್ಮದೊಂದೇ ಅಲ್ಲ. ನಾನು ವಾಸವಾಗಿರುವ ಸೌತ್‌ಫೀಲ್ಡಿನ ಸುತ್ತಮುತ್ತ ಬೋಮಾಂಟ್ ಎಂಬ ಹೆಸರು ದಶಕಗಳ ಕಾಲ ಆಸ್ಪತ್ರೆಗೆ ಪರ್ಯಾಯ ಪದವಾಗಿತ್ತು; ರಾಯಲ್ ಓಕ್‌ನ ಆಸ್ಪತ್ರೆ 1955ರಿಂದ ಆ ಹೆಸರಿನಲ್ಲಿತ್ತು, ಈಗ ಅದು ಕೋರ್‌ವೆಲ್. ನಮ್ಮವರು ಎಷ್ಟೋ ಮಂದಿ ಅಲ್ಲಿ ದುಡಿದಿದ್ದಾರೆ, ಅಲ್ಲೇ ಹೆತ್ತಿದ್ದಾರೆ. ಆ ವಿಲಿಯಂ ಬೋಮಾಂಟ್ ಇದೇ ಮಿಶಿಗನ್ನಿನ ಮ್ಯಾಕಿನಾ ದ್ವೀಪದ ಸೈನಿಕ ವೈದ್ಯ. 1822ರ ಜೂನಿನಲ್ಲಿ ತುಪ್ಪಳದ ಕಂಪನಿಯ ಕೂಲಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ಗೆ ಆಕಸ್ಮಿಕವಾಗಿ ಗುಂಡು ತಗುಲಿ ಹೊಟ್ಟೆಯಲ್ಲಿ ಮುಚ್ಚದ ತೂತು ಉಳಿಯಿತು. ಬೋಮಾಂಟ್ ಅವನ ಜೀವ ಉಳಿಸಿದ, ನಿಜ. ಮುಂದೆ ವರ್ಷಗಟ್ಟಲೆ ಆ ತೂತಿನೊಳಗೆ ದಾರಕ್ಕೆ ಕಟ್ಟಿದ ಮಾಂಸದ ತುಣುಕುಗಳನ್ನು ಇಳಿಸಿ ಜೀರ್ಣಕ್ರಿಯೆಯನ್ನು ಅಳೆದ, 1833ರಲ್ಲಿ ಪುಸ್ತಕ ತಂದ. ಓದುಬರಹ ಬಾರದ ರೋಗಿ ಕರಾರುಪತ್ರದ ಪ್ರಕಾರ ಅವನ ಮನೆಯಾಳೂ ಆಗಿದ್ದ. 1880ರಲ್ಲಿ ಸೇಂಟ್ ಮಾರ್ಟಿನ್ ಸತ್ತಾಗ, ವೈದ್ಯರು ಹೆಣ ಕೇಳಿಕೊಂಡು ಬಾರದಿರಲೆಂದು ಮನೆಯವರು ಅದನ್ನು ಕೊಳೆಯಲು ಬಿಟ್ಟು ಆಳವಾಗಿ ಹೂಳಿದರು. ಅಲಬಾಮಾದಲ್ಲಿ ಅನಾರ್ಕಾ ಎಂಬ ಗುಲಾಮ ಹೆಣ್ಣಿನ ಮೇಲೆ ಅರಿವಳಿಕೆಯಿಲ್ಲದೆ ಸುಮಾರು ಮೂವತ್ತು ಬಾರಿ ಶಸ್ತ್ರ ಪ್ರಯೋಗಿಸಿದ ಮೇರಿಯನ್ ಸಿಮ್ಸ್‌ನ ಪ್ರತಿಮೆಯನ್ನು ನ್ಯೂಯಾರ್ಕ್ ನಗರ 2018ರಲ್ಲಿ ಸೆಂಟ್ರಲ್ ಪಾರ್ಕಿನಿಂದ ಕೆಳಗಿಳಿಸಿತು. ಆ ಸುದ್ದಿಗೆ ನಾವು ಚಪ್ಪಾಳೆ ತಟ್ಟಿದೆವು. ಮತ್ತೊಬ್ಬರ ಪ್ರತಿಮೆಯಾದರೆ ನಮ್ಮ ಕಣ್ಣು ಚುರುಕು.

ಇದು ಬರಿಯ ಹಳೆಯ ಕಥೆಯೂ ಅಲ್ಲ. 2020ರ ನವೆಂಬರಿನಲ್ಲಿ ಭಾರತ ಸರಕಾರದ ಅಧಿಸೂಚನೆಯೊಂದು ಆಯುರ್ವೇದದ ಶಲ್ಯ ಮತ್ತು ಶಾಲಾಕ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಚಿಕಿತ್ಸೆಗಳ ತರಬೇತಿಯನ್ನು ವಿಧಿಸಿತು; ಅಲೋಪತಿ ವೈದ್ಯರು ಮುಷ್ಕರ ಹೂಡಿದರು. ಸಮರ್ಥನೆಗೆ ಮತ್ತೆ ಸುಶ್ರುತನನ್ನು ಕರೆತರಲಾಯಿತು. ಹಳ್ಳಿಯ ಆಸ್ಪತ್ರೆಗಳಲ್ಲಿ ಸರ್ಜನ್‌ಗಳಿಲ್ಲ ಎಂಬ ಕೊರತೆ ನಿಜವಾದದ್ದು, ತರಬೇತಿಯ ಗುಣಮಟ್ಟವನ್ನು ಕುರಿತ ಚರ್ಚೆ ನಡೆಯಬೇಕಾದದ್ದು. ಆದರೆ ಆ 58ರಲ್ಲಿ ಒಂದನ್ನಾದರೂ ಸಂಹಿತೆಯ ಕಾಲದಂತೆ, ಮದ್ಯ ಕುಡಿಸಿ, ಕೈಕಾಲು ಕಟ್ಟಿ ಮಾಡಿಸಿಕೊಳ್ಳಲು ಯಾರು ಒಪ್ಪಿಯಾರು? ಅರಿವಳಿಕೆ ಆಧುನಿಕ, ಕುದಿಸಿದ ಉಪಕರಣ ಆಧುನಿಕ, ಆ್ಯಂಟಿಬಯೋಟಿಕ್ ಆಧುನಿಕ. ಪರಂಪರೆಯದ್ದು ಬೋರ್ಡು ಮಾತ್ರ. ಆ ಪರಂಪರೆಯನ್ನು ನಿಜವಾಗಿ ಉಳಿಸಿದ ಕ್ಷೌರಿಕರ, ಕುಂಬಾರರ, ಸೂಲಗಿತ್ತಿಯರ ಮಕ್ಕಳಿಗೆ ಈಗಿನ ವೈದ್ಯಕೀಯ ಸೀಟು ಎಷ್ಟು ದುಬಾರಿ ಎಂಬುದು ಆ ವಾಗ್ವಾದದಲ್ಲಿ ಎರಡೂ ಕಡೆಯವರ ಬಾಯಲ್ಲಿ ಬರಲಿಲ್ಲ. ಇಲ್ಲಿ ಕುಳಿತು ಊರಿನ ಮೀಸಲಾತಿಯನ್ನು ಬೈಯುವ ನಮ್ಮ ವೈದ್ಯಮಿತ್ರರ ಬಾಯಲ್ಲಂತೂ ಬರುವುದಿಲ್ಲ.

ನಮ್ಮ ಕೂಟದ ಮುಂದಿನ ರಾಜ್ಯೋತ್ಸವಕ್ಕೆ ಭಾರತೀಯ ವಿಜ್ಞಾನದ ಫಲಕಗಳನ್ನು ಮಕ್ಕಳಿಂದ ಮಾಡಿಸುವ ಯೋಚನೆಯಿದೆಯಂತೆ. ಸುಶ್ರುತನ ಕಾಲ್ಪನಿಕ ಭಾವಚಿತ್ರದ ಬದಲಿಗೆ ವೇಲ್ಸ್ ಬಿಡಿಸಿದ ಕವಾಸ್‌ಜಿಯ ಚಿತ್ರವನ್ನು ಹಾಕೋಣವೆಂದು ಸೂಚಿಸಿದ್ದೇನೆ. ಹಣೆಯ ಮೇಲಿನ ಕಲೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಎರಡು ಸಾಲು ಸಾಕು. ರೋಗಿ: ಕವಾಸ್‌ಜಿ, ಎತ್ತು ಹೊಡೆಯುವವನು. ಶಸ್ತ್ರವೈದ್ಯ: ಕುಂಬಾರ, ಹೆಸರನ್ನು ಬರೆದುಕೊಂಡಿಲ್ಲ.